ಓದುಗರ ಪ್ರಶ್ನೆ: ಮಾಳಿಗೆ ಕಿರುಗುಟ್ಟಿದರೆ ಮೊಳೆ ಬಡಿಯಬೇಡಿ

ಪ್ರಶ್ನೆ: ಶಹಾಪುರದಲ್ಲಿ ನಮ್ಮದು ಅಜ್ಜನ ಕಾಲದ ಮನೆ. ಮಾಳಿಗೆಯ ಕೋಣೆ 12 ಅಡಿ ಅಗಲ, 14 ಅಡಿ ಉದ್ದ. ಜಂತಿಗಳ ಮೇಲೆ ಹಲಗೆ ಹೊಡೆದ ನೆಲ. ಕಾಲಿಟ್ಟಲ್ಲೆಲ್ಲ ಕಿರ್ರೆನ್ನುತ್ತದೆ, ನಡುವೆ ತಗ್ಗೂ ಇದೆ. ಬಡಿಗರು ಎರಡು ಸಲ ಮೊಳೆ ಹೊಡೆದು ಹೋದರು, ಸದ್ದು ಮರಳಿ ಬಂತು. ಮೇಲೆ ಪ್ಲೈವುಡ್ ಹಾಸಿಬಿಡಲೇ?
– ಓದುಗರು, ಬೆಳಗಾವಿ

ಉತ್ತರ: ಹಲಗೆಯ ಮೇಲೆಯೇ ಹಾಸಿದರೆ ಸದ್ದು ಪ್ಲೈವುಡ್ಡಿನ ಕೆಳಗೆ ಹೋಗಿ ಕೂರುತ್ತದೆ, ಅಷ್ಟೇ. ಒಬ್ಬರು ಮೇಲೆ ನಡೆಯಲಿ, ಇನ್ನೊಬ್ಬರು ಕೆಳಗಿನಿಂದ ಟಾರ್ಚ್ ಹಿಡಿದು ನೋಡಲಿ. ಹೆಜ್ಜೆ ಬಿದ್ದಾಗ ಹಲಗೆ ಜಂತಿಗೆ ತಾಗುತ್ತದೆ, ಕಾಲೆತ್ತಿದಾಗ ಕೂದಲೆಳೆಯಷ್ಟು ಮೇಲೇಳುತ್ತದೆ. ಆ ಏರಿಳಿತದಲ್ಲಿ ಮೊಳೆ ತನ್ನ ತೂತಿನೊಳಗೆ ಉಜ್ಜಿದಾಗ ಬರುವುದೇ ಕಿರ್ರ್ ಸದ್ದು. ಬೆಳಗಾವಿಯ ಮಳೆಗೆ ಮರ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ನುಣುಪು ಮೊಳೆ ಪ್ರತಿ ವರ್ಷ ಒಂದಿಷ್ಟು ಸಡಿಲವಾಗುತ್ತದೆ. ಹೊಸ ಮೊಳೆಗೂ ಅದೇ ಗತಿ. ಸಂದಿಗೆ ಟಾಲ್ಕಂ ಪೌಡರ್ ತುಂಬುವುದು ನೆಂಟರು ಬಂದು ಹೋಗುವ ತನಕದ ಉಪಾಯ.

ತಗ್ಗೂ ಇರುವುದರಿಂದ ಹಲಗೆ ಬಿಚ್ಚಲೇಬೇಕು. ಸಾಗವಾನಿಯದಾದರೆ ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಬರೆದಿಡಿ, ಕೊನೆಗೆ ಮೇಲ್ಹಾಸಾಗಿ ಬಳಸಬಹುದು. ಜಂತಿಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಅಲ್ಲಿ ಗೆದ್ದಲೋ ಕೊಳೆತವೋ ಇದೆ. ಅಂಥ ಜಂತಿಯ ವಿಷಯ ಇಂಜಿನಿಯರ್ ಒಬ್ಬರು ನೋಡದೆ ಮುಂದೆ ಹೋಗಬೇಡಿ.

ಇನ್ನು ಲೆವೆಲ್. ಕೆಲಸದ ಅರ್ಧ ಇದರಲ್ಲೇ ಇದೆ, ಎಲ್ಲರೂ ಅವಸರ ಮಾಡುವುದೂ ಇಲ್ಲೇ. ನೀರಿನ ಟ್ಯೂಬ್ ಲೆವೆಲ್‌ನಿಂದ (ಒಳಗೆ ಗಾಳಿಗುಳ್ಳೆ ಇರಬಾರದು) ನಾಲ್ಕೂ ಗೋಡೆಗೆ ಒಂದೇ ಮಟ್ಟದ ಗುರುತು ಹಾಕಿ, ಜಂತಿಗಳಿಗೆ ಅಡ್ಡಲಾಗಿ ದಾರ ಬಿಗಿಯಿರಿ. ಪ್ರತಿ ಜಂತಿ ದಾರಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಅದರ ಮೈಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯಿರಿ. ಎರಡು ಮೂರು ಮಿ.ಮೀ. ಉಬ್ಬಿದ್ದನ್ನು ಕೀಸುಳಿಯಿಂದ ಇಳಿಸಬಹುದು. ತಗ್ಗಿದ್ದಕ್ಕೆ ನೆಟ್ಟಗಿನ, ಒಣಗಿದ ಹೊಸ ಮರವನ್ನು ಅದರ ಪಕ್ಕೆಗೆ ಒತ್ತಿ, ಮೇಲಂಚು ದಾರಕ್ಕೆ ಸರಿಯಾಗುವಂತೆ ಬೋಲ್ಟ್ ಹಾಕಿ ಜೋಡಿಸಿ. ರಟ್ಟು, ಪ್ಲೈ ಚೂರು ತುರುಕಿ ಎತ್ತರಿಸಿದರೆ ಅದು ಕಾಲಕ್ರಮೇಣ ಅದುಮಿಕೊಂಡು ಹೊಸ ಸಂದಿ ಬಿಡುತ್ತದೆ. ಜಂತಿ ಜೋಲಿ ಹೊಡೆಯುತ್ತಿದ್ದರೆ ನಡುಭಾಗದಲ್ಲಿ ಎರಡೆರಡು ಜಂತಿಗಳ ನಡುವೆ ಬಿಗಿಯಾಗಿ ಅಡ್ಡತುಂಡು ಕೂರಿಸಿ. ಕೊನೆಗೆ 10 ಅಡಿಯ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿದಾಗ ಎಲ್ಲೂ 3 ಮಿ.ಮೀ.ಗಿಂತ ಹೆಚ್ಚು ಸಂದಿ ಕಾಣಬಾರದು.

ಹಲಗೆ ತೆಗೆದ ಜಂತಿಗಳ ಮೇಲೆ ನೇರವಾಗಿ ಹಾಸುವ ಪ್ಲೈವುಡ್ 18 ಮಿ.ಮೀ., ಐಎಸ್ 710 (ನೀರು ತಡೆಯುವ ಮರೈನ್ ದರ್ಜೆ) ಗುರುತಿನದು ಇರಲಿ. ನಿಮ್ಮ ಕೋಣೆಗೆ 8 ಅಡಿ ಉದ್ದ, 4 ಅಡಿ ಅಗಲದ 6 ಶೀಟ್ ಬೇಕು: 4 ಅಡಿಯ ಮೂರು ಸಾಲು, ಪ್ರತಿ ಸಾಲಿಗೆ ಒಂದು ಪೂರ್ತಿ ಶೀಟ್, ಒಂದು 6 ಅಡಿಯ ತುಂಡು. ಮೊದಲ ಸಾಲನ್ನು ಪೂರ್ತಿ ಶೀಟಿನಿಂದ ಶುರು ಮಾಡಿದರೆ ಎರಡನೆಯದನ್ನು ತುಂಡಿನಿಂದ ಶುರು ಮಾಡಿ, ಜೋಡುಗಳು ಒಂದೇ ಗೆರೆಗೆ ಬರಬಾರದು. ಶೀಟಿನ ಉದ್ದ ಜಂತಿಗಳಿಗೆ ಅಡ್ಡಲಾಗಿರಲಿ, ತುದಿ ಜಂತಿಯ ಮೇಲೆಯೇ ಕೂರಲಿ. ಕೂರದಿದ್ದರೆ ಅಡಿಗೆ ಅಡ್ಡಪಟ್ಟಿ ಕೊಡಿ. ಶೀಟ್ ಶೀಟಿನ ನಡುವೆ 3 ಮಿ.ಮೀ., ಗೋಡೆಯ ಬದಿ 10 ಮಿ.ಮೀ. ಬಿಡಿ.

ಜಂತಿಯ ಮೇಲೆ 6 ಮಿ.ಮೀ. ದಪ್ಪಕ್ಕೆ ಪಿಯು (ಪಾಲಿಯುರೆಥೇನ್) ಅಂಟು ಎಳೆಯಿರಿ. 300 ಮಿ.ಲೀ. ಟ್ಯೂಬ್ ಸುಮಾರು 10 ಮೀಟರ್ ಬರುತ್ತದೆ. ಹನ್ನೆರಡು ಜಂತಿಗಳಿದ್ದರೆ 5 ಟ್ಯೂಬ್. ಅಂಟು ಹಸಿ ಇರುವಾಗಲೇ ಶೀಟ್ ಇಟ್ಟು, 50 ಮಿ.ಮೀ. ಮರದ ಸ್ಕ್ರೂ ಹಾಕಿ: ತುದಿಗಳಲ್ಲಿ 6 ಇಂಚಿಗೊಂದು, ನಡುವಿನ ಜಂತಿಗಳಲ್ಲಿ 8 ಇಂಚಿಗೊಂದು. 350 ಸ್ಕ್ರೂ ತಂದಿಡಿ. ಜಿಪ್ಸಂ ಬೋರ್ಡಿನ ಕಪ್ಪು ಸ್ಕ್ರೂ ಬೇಡ, ಅದರ ತಲೆ ಪಟ್ಟನೆ ಮುರಿಯುತ್ತದೆ. ಹಳೆಯ ಸಾಗವಾನಿ, ಮತ್ತಿ ಗಟ್ಟಿ. ಮೊದಲು ತೂತು ಕೊರೆಯಿರಿ. ಪ್ಲೈವುಡ್ಡಿನ ತೂತು ಮಾತ್ರ ಸ್ಕ್ರೂ ಸಲೀಸಾಗಿ ಜಾರುವಷ್ಟು ಅಗಲವಿರಲಿ. ಇಲ್ಲವಾದರೆ ಸ್ಕ್ರೂವಿನ ಮರೆ (ಥ್ರೆಡ್) ಶೀಟನ್ನೇ ಕಚ್ಚಿಕೊಂಡು, ಜಂತಿಗೆ ಎಳೆಯದೆ ಮೇಲೆಯೇ ನಿಲ್ಲಿಸಿಬಿಡುತ್ತದೆ. ಸ್ಕ್ರೂ ಬಿಗಿಯಾಗಿದೆ ಅನ್ನಿಸುತ್ತದೆ, ಅಡಿಯಲ್ಲಿ ಸಂದಿ ಹಾಗೆಯೇ ಇರುತ್ತದೆ. ಹೊಸ ನೆಲವೂ ಕಿರುಗುಟ್ಟಲು ಬಹುಪಾಲು ಇದೇ ಕಾರಣ.

ಪ್ರಶ್ನೆ: ಎರಿ ಮಣ್ಣಿನ ಜಾಗದಲ್ಲಿ ಕಟ್ಟಿದ ಮನೆ. ಅಡುಗೆಮನೆಯ ಮೂಲೆ ಒಂದು ಇಂಚು ಕುಸಿದಿದೆ, ಟೈಲ್ಸ್ ತಟ್ಟಿದರೆ ಡಬಡಬ ಅನ್ನುತ್ತದೆ.
– ಓದುಗರು, ಮುಧೋಳ

ಉತ್ತರ: ಎರಡೂ ಬೇರೆ ಬೇರೆ ದೋಷ. ಕುಸಿತ ತಳದ್ದು: ಪಾಯ ಅಗೆದ ಎರಿ ಮಣ್ಣನ್ನೇ ಪ್ಲಿಂತಿನೊಳಗೆ ಸುರಿದಿರಬೇಕು. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಮಣ್ಣದು. ಆ ಮೂಲೆಯ ನೆಲ ಒಡೆಸಿ, ತುಂಬಿದ ಎರಿ ಮಣ್ಣು ಹೊರಹಾಕಿ, ಗರಸನ್ನು 6 ಇಂಚಿನ ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡಿಸಿ. ಗೌಂಡಿ ಎರಡು ಅಡಿ ಒಮ್ಮೆಲೇ ತುಂಬಿ ಮೇಲೆ ನೀರು ಬಿಟ್ಟರೆ ಒಪ್ಪಬೇಡಿ, ಕೆಳಗಿನದು ಸಡಿಲವೇ ಉಳಿಯುತ್ತದೆ. ಅದರ ಮೇಲೆ ಕಲ್ಲಿನ ಸೋಲಿಂಗ್ (ಒತ್ತಾಗಿ ಜೋಡಿಸಿದ ಕಲ್ಲಿನ ಹಾಸು), 4 ಇಂಚು ಕಾಂಕ್ರೀಟ್, 7 ದಿನ ನೀರುಣಿಸುವುದು. ಒಡೆಯುವ ಮೊದಲು ಸಿಂಕಿನ ಪೈಪ್ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಡಬಡಬ ಸದ್ದು ಟೈಲ್ಸ್ ಅಡಿಯ ಟೊಳ್ಳಿನದು. ವಿಟ್ರಿಫೈಡ್ ಟೈಲ್ಸ್ ನೀರನ್ನೇ ಹೀರುವುದಿಲ್ಲ ಅನ್ನಬಹುದು, ಹಾಗಾಗಿ ಬರೀ ಸಿಮೆಂಟ್ ಹಾಲು ಅದನ್ನು ಹಿಡಿಯುವುದಿಲ್ಲ. ನಾಲ್ಕು ಮೂಲೆಗೆ ಉಂಡೆ ಇಟ್ಟು ಒತ್ತುವ ಪದ್ಧತಿಯೂ ಬೇಡ. ಟೈಲ್ಸ್ ಅಡ್ಹೆಸಿವ್ ಅನ್ನು ಹಲ್ಲಿನ ಕರಣಿಯಿಂದ ಪೂರ್ತಿ ಹರಡಿಸಿ. ಆಗಾಗ ಒಂದು ಟೈಲ್ ಎತ್ತಿಸಿ ಬೆನ್ನು ನೋಡಿ. ಒಣ ಜಾಗ ಕಂಡರೆ ಹರಡಿದ್ದು ಸಾಲದು.

ಪ್ರಶ್ನೆ: ಫ್ಲ್ಯಾಟಿನಲ್ಲಿ ಲ್ಯಾಮಿನೇಟ್ ನೆಲ ಹಾಕಿಸಿದೆವು. ನಡೆದರೆ ಟಕ್ ಟಕ್ ಅನ್ನುತ್ತದೆ.
– ಓದುಗರು, ವಿಜಯಪುರ

ಉತ್ತರ: ಮೊದಲು ಗೋಡೆಯಂಚಿನ ಪಟ್ಟಿ ಬಿಚ್ಚಿ ನೋಡಿ. ಗೋಡೆಗೂ ಹಲಗೆಗೂ 8–10 ಮಿ.ಮೀ. ಸಂದಿ ಇಲ್ಲದಿದ್ದರೆ ನೆಲ ಹಿಗ್ಗಿ ಎದ್ದಿದೆ. ಅಂಚು ಕತ್ತರಿಸಿದರೆ ತಾನಾಗಿ ಕೂರುತ್ತದೆ. ಸಂದಿ ಇದ್ದರೆ ದೋಷ ಕೆಳಗಿನ ಕಾಂಕ್ರೀಟಿನದು. ಲ್ಯಾಮಿನೇಟ್ ತೆಗೆಸಿ, ಉಬ್ಬನ್ನು ಗ್ರೈಂಡ್ ಮಾಡಿಸಿ, ತಗ್ಗಿಗೆ ಸೆಲ್ಫ್ ಲೆವೆಲಿಂಗ್ ಸಿಮೆಂಟ್ ಹಾಕಿಸಿ. ಅಡಿಗೆ ಫೋಮ್ ಎರಡು ಪದರ ಹಾಕುವ ಸಲಹೆ ಕೇಳಬೇಡಿ: ನೆಲ ಇನ್ನಷ್ಟು ಕುಣಿದು, ಹಲಗೆಗಳನ್ನು ಒಂದಕ್ಕೊಂದು ಹಿಡಿದಿಡುವ ಲಾಕ್‌ಗಳೇ ಮುರಿಯುತ್ತವೆ.