ಗುಬ್ಬಿ ಗೂಡಿನ ಮುಚ್ಚಳ ತೆಗೆದು ನೋಡಬಹುದಾ?

ಹಿತ್ತಲಿನ ಪೆಟ್ಟಿಗೆಯಲ್ಲಿ ಗುಬ್ಬಿ ಜೋಡಿ ಗೂಡು ಕಟ್ಟಿದೆ, ಮುಚ್ಚಳ ತೆಗೆದು ಒಳಗೆ ನೋಡಬಹುದಾ ಎಂದು ಕೇಳಿದ್ದೀರಿ. ಬೇಡ, ದಯವಿಟ್ಟು. ಐದಾರು ಮೀಟರ್ ದೂರದಲ್ಲಿ ದಿನಾ ಒಂದೇ ಜಾಗದಲ್ಲಿ ಕುಳಿತು ಪೆಟ್ಟಿಗೆಯ ತೂತನ್ನು ನೋಡಿ. ಒಳಗೆ ನಡೆಯುವುದೆಲ್ಲಾ ಅಲ್ಲಿಂದಲೇ ಗೊತ್ತಾಗುತ್ತದೆ.

ಮೊದಲು ಹುಲ್ಲು, ನಾರು ಒಳಗೆ ಹೋಗುತ್ತವೆ. ಆಮೇಲೆ ಪುಕ್ಕ ಬರುತ್ತದೆ. ಪುಕ್ಕ ಬಂತೆಂದರೆ ಮೊಟ್ಟೆಗೆ ಹಾಸಿಗೆ ತಯಾರಾಗುತ್ತಿದೆ ಎಂದರ್ಥ. ನಂತರ ಇದ್ದಕ್ಕಿದ್ದಂತೆ ಓಡಾಟ ಕಡಿಮೆಯಾಗುತ್ತದೆ. ಗೂಡು ಬಿಟ್ಟು ಹೋದವು ಅಂತ ಇಲ್ಲೇ ಜಾಸ್ತಿ ಜನ ಗಾಬರಿಯಾಗುವುದು. ಹೋಗಿರುವುದಿಲ್ಲ, ಕಾವು ಕೊಡುತ್ತಿರುತ್ತವೆ. ಕತ್ತಿನ ಕೆಳಗೆ ಕಪ್ಪು ಇರುವ ಗಂಡೂ ಹಗಲಲ್ಲಿ ಪಾಳಿ ತೆಗೆದುಕೊಳ್ಳುತ್ತದೆ. ಹೀಗೆ 11ರಿಂದ 14 ದಿನ.

ಕೊಕ್ಕಿನಲ್ಲಿ ಹಸಿರು ಹುಳ ಕಂಡ ದಿನ ಮರಿಯಾಗಿದೆ ಎಂದು ತಿಳಿಯಿರಿ. ಕಾಳು ತಿನ್ನುವ ಹಕ್ಕಿಯೇ ಆದರೂ ಎಳೆ ಮರಿಗೆ ಹುಳುಹುಪ್ಪಟೆಯೇ ಬೇಕು. ಅದಕ್ಕೇ ಹಿತ್ತಲಿಗೆ ಕೀಟನಾಶಕ ಹೊಡೆಯಬೇಡಿ. ಕೆಲವು ದಿನ ಕಳೆದ ಮೇಲೆ, ಹೊರಗೆ ಬರುವ ಹಕ್ಕಿಯ ಕೊಕ್ಕಿನಲ್ಲಿ ಬಿಳಿ ಉಂಡೆಯಂಥದ್ದು ಕಾಣುತ್ತದೆ. ಅದು ಮರಿಯ ಹಿಕ್ಕೆ. ತೆಳು ಪೊರೆಯಲ್ಲಿ ಸುತ್ತಿಕೊಂಡೇ ಬರುತ್ತದೆ, ಅಪ್ಪ ಅಮ್ಮ ಅದನ್ನು ಕಚ್ಚಿಕೊಂಡು ದೂರ ಬಿಸಾಡುತ್ತವೆ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಮುಚ್ಚಳ ಬೇಡ ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದು ವಸಂತದಲ್ಲಿ ಮರಿಗಳ ಚೀರಾಟ ಜೋರಾಯಿತು ಅಂತ ಸುಮ್ನೆ ಒಮ್ಮೆ ಎತ್ತಿ ನೋಡಿದೆ. ಮೂರು ಮರಿಗಳು ಒಟ್ಟಿಗೇ ಹೊರಗೆ ಹಾರಿಬಿಟ್ಟವು. ಬಾಯಂಚಿನ ಹಳದಿ ಹಾಗೇ ಇತ್ತು, ರೆಕ್ಕೆ ಬಲಿತಿರಲಿಲ್ಲ. ಗಿಡದ ಬುಡದಲ್ಲಿ ಎರಡು ಸಿಕ್ಕವು. ಒಳಗೆ ಬಿಟ್ಟು, ಅವು ಸುಮ್ಮನಾಗುವವರೆಗೆ ತೂತಿಗೆ ಬಟ್ಟೆ ಅಡ್ಡ ಹಿಡಿದು ನಿಂತೆ. ಅಂಗೈಯಲ್ಲಿ ಹಿಡಿದಾಗ ಅವುಗಳ ಎದೆ ಬಡಿದುಕೊಂಡ ರೀತಿ ಈಗಲೂ ಮರೆತಿಲ್ಲ. ಮೂರನೆಯದು ಸಿಗಲೇ ಇಲ್ಲ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅಂತಾರಲ್ವಾ, ಅದು ನಿಜವಲ್ಲ. ನಾನು ದೂರ ಸರಿದ ಸ್ವಲ್ಪ ಹೊತ್ತಿಗೇ ತಾಯಿ ಹುಳ ಕಚ್ಚಿಕೊಂಡು ಬಂತು. ಅಪಾಯವಿರುವುದು ಮರಿ ಹೊತ್ತಿಗೆ ಮುಂಚೆ ಹಾರುವುದರಲ್ಲಿ.

ಸಾಮಾನ್ಯವಾಗಿ ಎರಡು ವಾರಕ್ಕೆ ಮರಿಗಳು ತಾವಾಗಿಯೇ ಹೊರಬರುತ್ತವೆ. ಅದಕ್ಕೆ ಮೊದಲು ತೂತಿನಲ್ಲಿ ಪುಟ್ಟ ತಲೆಗಳು ಇಣುಕತೊಡಗುತ್ತವೆ. ಆ ದಿನಗಳಲ್ಲಿ ಬೆಕ್ಕನ್ನು ಮನೆಯೊಳಗೇ ಇಟ್ಟುಕೊಳ್ಳಿ.

ಪೆಟ್ಟಿಗೆ ಖಾಲಿಯಾದ ತಕ್ಷಣ ಇಳಿಸಬೇಡಿ. ಗುಬ್ಬಿ ಅದೇ ಗೂಡಿನಲ್ಲಿ ಮತ್ತೆ ಮೊಟ್ಟೆ ಇಡುವುದುಂಟು. ಕಾಲ ಪೂರ್ತಿ ಮುಗಿದ ಮೇಲೆ ಹಳೇ ಹುಲ್ಲು ತೆಗೆದು, ಬಿಸಿನೀರಲ್ಲಿ ತೊಳೆದು, ಒಣಗಿಸಿ ಅದೇ ಜಾಗಕ್ಕೆ ತೂಗುಹಾಕಿ.