ಓದುಗರ ಪ್ರಶ್ನೆ: ಮಪೆಟ್ ಶೋದ ಯಾವ ಸೀಸನ್ ಛಲೋ?

ಪ್ರಶ್ನೆ: ‘ದಿ ಮಪೆಟ್ ಶೋ’ ಅನ್ನೋ ಗೊಂಬಿ ಟಿವಿ ಕಾರ್ಯಕ್ರಮದ ಐದು ಸೀಸನ್‌ದಾಗ ಯಾವುದು ಛಲೋ ಅದರಿ? ಅದನ್ನ ನೋಡಿ ನಮ್ಮ ಶಾಲಿ ಹುಡುಗರು ಬಾಯಿ ಆಡಿಸೋ ಗೊಂಬಿ ಮಾಡ್ಯಾರ. ಮಾತಾಡುವಾಗ ಗೊಂಬಿ ಮುಖ ಆಕಾಶ ನೋಡತದ. ಏನು ಮಾಡೂಣು?
– ಶಿಕ್ಷಕಿ, ಗದಗ

ಉತ್ತರ: 1976ರಿಂದ 1981ರವರೆಗಿನ 120 ಕಂತುಗಳಲ್ಲಿ ನಮ್ಮ ಮತ ಮೂರನೆಯ ಸೀಸನ್‌ಗೆ. ಗಾಯಕ ಹ್ಯಾರಿ ಬೆಲಫಾಂಟೆ ಆಫ್ರಿಕಾದ ಮುಖವಾಡದಂಥ ಗೊಂಬೆಗಳೊಂದಿಗೆ ಹಾಡುವ ಕಂತು ಅದರಲ್ಲೇ ಇದೆ. ಮೊದಲನೆಯದು ಇನ್ನೂ ಹದಕ್ಕೆ ಬಂದಿರಲಿಲ್ಲ. ಹಂದಿ ಗೊಂಬೆ ಮಿಸ್ ಪಿಗ್ಗಿಯನ್ನೇ ಫ್ರಾಂಕ್ ಆಜ್, ರಿಚರ್ಡ್ ಹಂಟ್ ಇಬ್ಬರೂ ಆಡಿಸುತ್ತಿದ್ದರು. ಆದರೂ ಅದರ ನಟಿ ರಿಟಾ ಮೊರೆನೊ ಬಂದ ಕಂತನ್ನು ಬಿಡಬೇಡಿ.

ಮುಖ ಮೇಲೇಳುವುದು ಮೇಲ್ದವಡೆಯ ನಾಲ್ಕು ಬೆರಳುಗಳನ್ನು ಎತ್ತುವುದರಿಂದ. ಅವನ್ನು ಅಲುಗಿಸದೆ ಹೆಬ್ಬೆರಳನ್ನಷ್ಟೇ ಕೆಳಗಿಳಿಸಿ ಬಾಯಿ ತೆರೆಸಿ, ಮಣಿಕಟ್ಟು ಮುಂದಕ್ಕೆ ಬಾಗಿರಲಿ. ಅಕ್ಷರಕ್ಕೊಮ್ಮೆ ಬಾಯಿ ತೆರೆಯಬೇಕು, ‘ನಮಸ್ಕಾರ’ಕ್ಕೆ ನಾಲ್ಕು ಸಲ. ಮಕ್ಕಳು ಸಾಮಾನ್ಯವಾಗಿ ಅಕ್ಷರ ಬಂದಾಗಲೇ ಬಾಯಿ ಮುಚ್ಚಿಬಿಡುತ್ತಾರೆ. ಆಗ ಗೊಂಬೆ ಮಾತನ್ನು ಕಚ್ಚಿದಂತೆ ಕಾಣುತ್ತದೆ. ಮಪೆಟ್ ಗೊಂಬೆಗಳನ್ನು ಸೃಷ್ಟಿಸಿದ ಜಿಮ್ ಹೆನ್ಸನ್ ತಂಡದವರು ಕೈಯೆತ್ತಿ ಆಡಿಸುತ್ತಲೇ ಕ್ಯಾಮೆರಾ ಚಿತ್ರ ತೋರುವ ಮಾನಿಟರ್ ನೋಡಿ ತಿದ್ದಿಕೊಳ್ಳುತ್ತಿದ್ದರು. ನಿಮಗೆ ದೊಡ್ಡ ಕನ್ನಡಿ ಸಾಕು. ತೋಳು ದಣಿದರೆ ಗೊಂಬೆ ಮೆಲ್ಲಗೆ ಕುಸಿಯುತ್ತದೆ, ಹಾಗಾಗಿ ದೃಶ್ಯಗಳು ಎರಡು-ಮೂರು ನಿಮಿಷ ಮೀರದಿರಲಿ.