ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಮತದಾರರು ಗಾಂಜಾ ಪ್ರಕರಣಗಳಲ್ಲಿ ಬಂಧನ ಬೇಡ ಎಂದಿದ್ದಾರಂತೆ. ಹಾಗಾದರೆ ಅಲ್ಲಿ ಅದು ಕಾನೂನುಬದ್ಧವೇ?

ಅಲ್ಲ. ಓದಲು ಆಸ್ಟಿನ್‌ಗೆ ಹೊರಟಿದ್ದೀರಿ, ಅಲ್ಲಿರುವ ಸ್ನೇಹಿತರೊಬ್ಬರು "ಜನ ಮತ ಹಾಕಿ ಗೆಲ್ಲಿಸಿದ್ದಾರೆ, ಪೊಲೀಸರು ಏನೂ ಮಾಡುವುದಿಲ್ಲ" ಎಂದು ಧೈರ್ಯ ತುಂಬಿದ್ದಾರೆ ಎಂದು ಬರೆದಿದ್ದೀರಿ. ಆ ಧೈರ್ಯವನ್ನು ನಂಬಿ ಬರಬೇಡಿ. ಅಂದು ಪರವಾಗಿ ಮತ ಹಾಕಿದವರಲ್ಲಿ ನಾನೂ ಒಬ್ಬಳು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಟೆಕ್ಸಾಸ್‌ನಲ್ಲಿ ಜನರೇ ಸಹಿ ಸಂಗ್ರಹಿಸಿ ರಾಜ್ಯದ ಕಾನೂನನ್ನು ಮತಕ್ಕೆ ಹಾಕುವ ದಾರಿ ಇಲ್ಲ. ಸ್ವಂತ ಸನ್ನದು, ಅಂದರೆ ತಮ್ಮದೇ ಆಡಳಿತದ ಮೂಲ ನಿಯಮಾವಳಿ, ಹೊಂದಿರುವ ಹಲವು ನಗರಗಳಲ್ಲಿ ಮಾತ್ರ, ಆ ನಗರದ ಮಟ್ಟಿಗೆ, ಅದು ಸಾಧ್ಯ. ಆಸ್ಟಿನ್‌ನಲ್ಲಿ ಅದಕ್ಕೆ 20,000 ಮತದಾರರ ಸಹಿ ಬೇಕು. ಗ್ರೌಂಡ್ ಗೇಮ್ ಟೆಕ್ಸಾಸ್ ಎಂಬ ಸಂಘಟನೆ ಮುಂದೆ ನಿಂತು ಸಹಿ ಕೂಡಿಸಿತು. 2022ರ ಮೇ ತಿಂಗಳಲ್ಲಿ 'ಪ್ರಪೊಸಿಷನ್ ಎ' ಎಂಬ ಆ ಪ್ರಸ್ತಾವ ಸುಮಾರು ಶೇ 85ರಷ್ಟು ಮತ ಪಡೆದು ಗೆದ್ದಿತು. 4 ಔನ್ಸ್, ಅಂದರೆ ಸುಮಾರು 113 ಗ್ರಾಂವರೆಗಿನ ಗಾಂಜಾ ಇಟ್ಟುಕೊಂಡದ್ದಕ್ಕೆ ನಗರ ಪೊಲೀಸರು ಸಾಮಾನ್ಯವಾಗಿ ಯಾರನ್ನೂ ಬಂಧಿಸಬಾರದು, ನೋಟಿಸ್ ಕೊಡಬಾರದು ಎಂಬುದು ಅದರ ತಿರುಳು. ದೊಡ್ಡ ಮಾದಕವಸ್ತು ಪ್ರಕರಣ, ಹಿಂಸೆಯ ಅಪರಾಧಗಳ ತನಿಖೆ ಇದರಿಂದ ಹೊರಗಿದ್ದವು.

ನಾನು ಗಾಂಜಾದ ಅಭಿಮಾನಿಯಲ್ಲ. ನಮ್ಮ ವಸತಿ ಸಮುಚ್ಚಯದ ಹುಡುಗನೊಬ್ಬ ಅಂಗೈಯಲ್ಲಿ ಹಿಡಿಯುವಷ್ಟು ಸೊಪ್ಪಿನೊಂದಿಗೆ ಸಿಕ್ಕಿಬಿದ್ದಿದ್ದ. ಪ್ರಕರಣ ವಜಾ ಆಯಿತು, ಆದರೆ ಬಂಧನದ ದಾಖಲೆ ಅವನು ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ ಅವನಿಗಿಂತ ಮೊದಲೇ ತಲುಪುತ್ತಿತ್ತು. ರಾಜ್ಯದ ಕಾನೂನಿನಲ್ಲಿ 2 ಔನ್ಸ್‌ವರೆಗಿನ ಗಾಂಜಾಕ್ಕೂ 180 ದಿನಗಳವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ ವಿಧಿಸಬಹುದು. ಆ ತಪ್ಪಿಗೆ ಇಷ್ಟು ದೊಡ್ಡ ಬೆಲೆ ಅನ್ಯಾಯ ಎಂದು ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ.

ಆದರೆ ನಮ್ಮ ಮತ ಆ ಕಾನೂನಿನ ಒಂದಕ್ಷರವನ್ನೂ ಅಳಿಸಲಿಲ್ಲ. ನಮ್ಮ ನಗರದ ಪೊಲೀಸರಿಗೆ "ನೀವು ಇದರ ಹಿಂದೆ ಬೀಳಬೇಡಿ" ಎಂದು ಹೇಳಿತು, ಅಷ್ಟೇ. ವಿಶ್ವವಿದ್ಯಾಲಯದ ಪೊಲೀಸರು, ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪೊಲೀಸ್ ಮುಖ್ಯಸ್ಥನಾದ ಶೆರಿಫ್, ಹೆದ್ದಾರಿಯಲ್ಲಿ ಕಾರು ನಿಲ್ಲಿಸುವ ರಾಜ್ಯ ಪೊಲೀಸರು ಯಾರೂ ನಗರದ ಮಾತಿಗೆ ಬದ್ಧರಲ್ಲ. ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲೂ ಹೀಗೇ ಆಗಿತ್ತು. 2005ರಲ್ಲಿ ಅಲ್ಲಿನ ಮತದಾರರು ವಯಸ್ಕರು 1 ಔನ್ಸ್‌ವರೆಗೆ ಇಟ್ಟುಕೊಳ್ಳುವುದನ್ನು ನಗರದ ನಿಯಮದಲ್ಲಿ ಅಪರಾಧವಲ್ಲ ಎಂದರು, ಪೊಲೀಸರು ರಾಜ್ಯದ ಕಾನೂನಿನಡಿ ಪ್ರಕರಣ ಹಾಕುತ್ತಲೇ ಹೋದರು.

ಆಸ್ಟಿನ್‌ನಲ್ಲಿ ವಿಷಯ ಅದಕ್ಕಿಂತ ಮುಂದೆ ಹೋಯಿತು. ಮಾದಕವಸ್ತು ಕಾನೂನನ್ನು ಪೂರ್ಣವಾಗಿ ಜಾರಿ ಮಾಡದಿರುವ ನೀತಿಯನ್ನು ಯಾವ ನಗರವೂ ತರಬಾರದು ಎಂಬ ರಾಜ್ಯದ ನಿಯಮವೊಂದಿದೆ. ಅದನ್ನು ಮುಂದಿಟ್ಟು ಟೆಕ್ಸಾಸ್ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಕೆನ್ ಪ್ಯಾಕ್ಸ್‌ಟನ್ 2024ರ ಜನವರಿಯಲ್ಲಿ ಆಸ್ಟಿನ್, ಸ್ಯಾನ್ ಮಾರ್ಕೋಸ್, ಡೆಂಟನ್, ಕಿಲ್ಲೀನ್, ಎಲ್ಜಿನ್ ನಗರಗಳ ಮೇಲೆ ದಾವೆ ಹೂಡಿದರು. ಕೆಳ ನ್ಯಾಯಾಲಯ ಆಸ್ಟಿನ್ ಪರ ನಿಂತಿತು. 2025ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುವಿಹಾಕಿ, ಆಸ್ಟಿನ್ ಮತ್ತು ಸ್ಯಾನ್ ಮಾರ್ಕೋಸ್‌ಗಳ ನಿಯಮಗಳಿಗೆ ತಡೆ ನೀಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ನಿಮಗೆ ನಿಜವಾಗಿ ತಿಳಿದಿರಬೇಕಾದ ವಿಷಯ ಈಗ ಬರುತ್ತದೆ. ನೀವು ವೀಸಾದ ಮೇಲೆ ಬರುವವರು. ವಲಸೆ ಅಧಿಕಾರಿಗಳು ನೋಡುವುದು ಕೇಂದ್ರದ ಕಾನೂನನ್ನು, ಅದರಲ್ಲಿ ಗಾಂಜಾ ಇಟ್ಟುಕೊಳ್ಳುವುದು ಅಪರಾಧ. ಸ್ವಂತ ಬಳಕೆಗೆ 30 ಗ್ರಾಂ ಮೀರದ ಒಂದೇ ಪ್ರಕರಣಕ್ಕೆ ಗಡೀಪಾರಿನಿಂದ ವಿನಾಯಿತಿ ಇದೆ. ಆದರೆ ಊರಿಗೆ ಹೋಗಿ ಮರಳುವಾಗ, ಮುಂದೆ ಗ್ರೀನ್ ಕಾರ್ಡ್ ಕೇಳುವಾಗ ಅದೇ ಪ್ರಕರಣ ಬಾಗಿಲು ಮುಚ್ಚಿಸಬಹುದು. ಶಿಕ್ಷೆಯೇ ಆಗಿರಬೇಕೆಂದಿಲ್ಲ, ಇಟ್ಟುಕೊಂಡಿದ್ದೆ ಎಂದು ಒಪ್ಪಿಕೊಂಡರೂ ಸಾಕು.

ಇನ್ನೊಂದು ಮಾತು. ಗಾಂಜಾದ ಎಣ್ಣೆ ತುಂಬಿದ ವೇಪ್ ಪೆನ್ನು, ಅದನ್ನು ಬೆರೆಸಿದ ಚಾಕೊಲೇಟು ಸೊಪ್ಪಿಗಿಂತ ಹಗುರವೆಂದು ಹುಡುಗರು ತಿಳಿದಿರುತ್ತಾರೆ. ಟೆಕ್ಸಾಸ್‌ನಲ್ಲಿ ಆ ಎಣ್ಣೆ 1 ಗ್ರಾಂಗಿಂತ ಕಡಿಮೆ ಇದ್ದರೂ ಗಂಭೀರ ಅಪರಾಧ, ಎರಡು ವರ್ಷದವರೆಗೆ ಜೈಲು. ಚಾಕೊಲೇಟಾದರೆ ಇಡೀ ತುಂಡಿನ ತೂಕವೇ ಲೆಕ್ಕಕ್ಕೆ ಬರುತ್ತದೆ. ಪ್ರಪೊಸಿಷನ್ ಎ ಇದ್ಯಾವುದನ್ನೂ ಮುಟ್ಟಿರಲಿಲ್ಲ.

ಸ್ನೇಹಿತರ ಕಾರಿನಲ್ಲಿ ಕುಳಿತಾಗಲೂ ಇದು ನೆನಪಿರಲಿ. ಅಕಸ್ಮಾತ್ ಏನಾದರೂ ಆದರೆ, ಯಾವ ಅಧಿಕಾರಿಯ ಮುಂದೆಯೂ ಸುಳ್ಳು ಹೇಳಬೇಡಿ, ಉತ್ತರಿಸುವ ಮೊದಲು ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿ.